ಈರಪ್ಪನವರು ಒಂದೇ ಸಲ ಹೇಳಿದ ಮಾತು

2022ರಲ್ಲಿ ನಾನು ರೋಣದ ಒಂದು ಪದವಿ ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿ ಇನ್‌ಸ್ಟ್ರಕ್ಟರ್ ಆಗಿದ್ದೆ. ಧಾರವಾಡದಲ್ಲಿ ಎಂ.ಎಸ್ಸಿ. ಮುಗಿಸಿ ಬಂದವಳು ಅದೇ ಲ್ಯಾಬಿನಲ್ಲಿ ತಲೆ ಬೆಳ್ಳಗಾಗಿಸಿಕೊಂಡಿದ್ದೆ. ಇಸವಿಯ ಬಗ್ಗೆ ನನಗೆ ಅನುಮಾನವಿಲ್ಲ. ಉಳಿದದ್ದರಲ್ಲಿ ಎಲ್ಲಿ ಅನುಮಾನವಿದೆಯೋ ಅಲ್ಲಿ ಹಾಗೆಂದು ಹೇಳುತ್ತೇನೆ. ದಿನಚರಿ ಬರೆಯುವ ರೂಢಿ ನನಗಿದೆ, ಆದರೆ ಆ ದಿನಗಳ ಪುಟಗಳಲ್ಲಿ ಯಂತ್ರದ ಸಂಗತಿಗಳೇ ತುಂಬಿವೆ. ಮನುಷ್ಯರ ಮಾತುಗಳನ್ನು ನೆನಪಿನಿಂದಲೇ ತೆಗೆಯಬೇಕು, ನೆನಪನ್ನು ನಾನು ಪೂರ್ತಿ ನಂಬುವುದಿಲ್ಲ.

ಆ ಚಳಿಗಾಲ ನನ್ನ ಹಳೆಯ ವಿದ್ಯಾರ್ಥಿನಿ ಸುಧಾ ಒಂದು ಲ್ಯಾಪ್‌ಟಾಪ್ ಹಿಡಿದುಕೊಂಡು ಲ್ಯಾಬಿಗೆ ಬಂದಳು. ಅವಳು ಗಜೇಂದ್ರಗಡದ ಶಾಲೆಯೊಂದರಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದಳು. ಅವಳ ತಂದೆ ಈರಪ್ಪನವರನ್ನು ನಾನು ಮುಖ ನೋಡುವ ಮೊದಲೇ ದನಿಯಿಂದ ಬಲ್ಲೆ. ರೋಣ, ನರಗುಂದ, ಗಜೇಂದ್ರಗಡದ ಬಸ್ ನಿಲ್ದಾಣಗಳಲ್ಲಿ ಕಂಟ್ರೋಲರ್ ಆಗಿ, ಮೈಕಿನಲ್ಲಿ ಬಸ್ಸುಗಳನ್ನು ಕೂಗುತ್ತ ನಿವೃತ್ತರಾದವರು. ಮಳೆಗಾಲದಲ್ಲಿ ಕೊಣ್ಣೂರಿನ ಸೇತುವೆಯ ಮೇಲೆ ನೀರು ಬಂತೆಂದು ನರಗುಂದದ ಜನರಿಗೆ ಮೊದಲು ಹೇಳುತ್ತಿದ್ದುದು ಅವರ ದನಿಯೇ.

ಅವರಿಗೆ ಗಂಟಲ ಕ್ಯಾನ್ಸರ್ ಆಗಿತ್ತು. ಹುಬ್ಬಳ್ಳಿಯ ವೈದ್ಯರು ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕೆಂದು ಹೇಳಿ ದಿನ ಗೊತ್ತುಮಾಡಿದ್ದರು. ಆಮೇಲೆ ಉಸಿರಾಟ ಕುತ್ತಿಗೆಯ ತೂತಿನಿಂದ, ಮಾತು ಇಲ್ಲ. ಸುಧಾ ಒಂದು ಉಪಾಯ ಮಾಡಿದ್ದಳು. ದಿನನಿತ್ಯ ಬೇಕಾಗುವ ಮಾತುಗಳನ್ನು ತಂದೆಯ ದನಿಯಲ್ಲಿ ಈಗಲೇ ಮುದ್ರಿಸಿಕೊಂಡು, ಫೋನಿನಲ್ಲಿ ಒಂದೊಂದಕ್ಕೂ ಒಂದು ಗುಂಡಿ ಇಡುವುದು. ನೀರು ಬೇಕು, ನೋವಾಗುತ್ತಿದೆ, ಬಾಗಿಲು ಹಾಕು, ಊಟ ಆಯಿತೇ. ಆಪರೇಷನ್ನಿನ ನಂತರ ಅವರು ಗುಂಡಿ ಒತ್ತಿ ತಮ್ಮ ದನಿಯಲ್ಲೇ ಮಾತಾಡಬಹುದು.

ಮುದ್ರಣವೇನೋ ಆಯಿತು. ಕೇಳಿ ನೋಡಿದರೆ ನಡುನಡುವೆ ಅಕ್ಷರಗಳೇ ಮಾಯ. "ನೀ… ಬೇಕು", "ಬಾಗ… ಹಾಕ". ಈರಪ್ಪನವರು ಕಿವಿಗೊಟ್ಟು ಎರಡು ಸಲ ಕೇಳಿ ತೀರ್ಪು ಕೊಟ್ಟರಂತೆ: "ಇದು ಮಷೀನಲ್ಲ, ನನ್ನ ಗಂಟಲ. ಸ್ಟ್ಯಾಂಡಿನ ಮೈಕ್ ಕೆಟ್ಟರ ಕರಕರ ಅಂತಿತ್ತು. ಇದು ಸದ್ದಿಲ್ಲದಂಗ ಹೋಗತೈತಿ."

ಜೀವಮಾನವೆಲ್ಲ ಕೆಟ್ಟ ಮೈಕುಗಳ ಜೊತೆ ಬಾಳಿದವರ ಮಾತು. ಯಾರೂ ಎದುರಾಡಲಿಲ್ಲ. ಆ ದಿನದಿಂದ ಅವರು ಮಾತಾಡುವುದನ್ನೇ ಬಿಟ್ಟು ಕೈಸನ್ನೆಗೆ ಇಳಿದರು. ಮುಂದೆ ಹೇಗೂ ಇದೇ ಗತಿ, ಈಗಿನಿಂದಲೇ ರೂಢಿಯಾಗಲಿ ಎಂಬ ಲೆಕ್ಕ. ವಾರದ ಮೇಲಾದರೂ ಅವರು ಬಾಯಿ ಬಿಡದಿದ್ದಾಗ ಸುಧಾ ನನ್ನ ಬಳಿ ಬಂದಿದ್ದಳು.

ಇಂಥ ಕಡಿತಕ್ಕೆ ನಮ್ಮಲ್ಲಿ ಆಡಿಯೊ ಡ್ರಾಪ್‌ಔಟ್ ಎನ್ನುತ್ತಾರೆ. ಮೈಕಿನಿಂದ ಬರುವ ದನಿ ಕಂಪ್ಯೂಟರಿನ ಒಂದು ಸಣ್ಣ ಕೊಡದಲ್ಲಿ ತುಂಬುತ್ತದೆ. ಅದರ ಹೆಸರು ಬಫರ್. ಪ್ರೊಸೆಸರ್ ಮತ್ತೆ ಮತ್ತೆ ಬಂದು ಆ ಕೊಡ ಖಾಲಿಮಾಡಿಕೊಂಡು ಹೋಗಬೇಕು. ಸೆಕೆಂಡಿಗೆ ದನಿಯ 48,000 ಮಾದರಿಗಳು, ಅಂದರೆ ಅಳತೆಯ ತುಣುಕುಗಳು, ಬರುವಾಗ, 256 ಮಾದರಿ ಹಿಡಿಯುವ ಕೊಡ ತುಂಬಲು ಐದು ಮಿಲಿಸೆಕೆಂಡು ಚಿಲ್ಲರೆ ಸಾಕು. ಪ್ರೊಸೆಸರ್ ಬರುವುದು ತಡವಾದರೆ ಕೊಡ ಚೆಲ್ಲುತ್ತದೆ. ಈ ತಡಕ್ಕೆ ಲೇಟೆನ್ಸಿ ಎಂದು ಹೆಸರು. ಚೆಲ್ಲಿದ ದನಿ ಮತ್ತೆ ಸಿಗುವುದಿಲ್ಲ.

ಲ್ಯಾಬಿನಲ್ಲಿ ನಾನು ಸುಧಾಳ ಲ್ಯಾಪ್‌ಟಾಪಿಗೆ ಅದೇ ಮೈಕು, ಅದೇ ಕೇಬಲ್ಲು ಹಾಕಿ ಅರ್ಧ ಗಂಟೆ ಪಾಠ ಓದಿ ಮುದ್ರಿಸಿದೆ. ಒಂದು ಅಕ್ಷರವೂ ಕಡಿಯಲಿಲ್ಲ. ಹಾಗಾದರೆ ಈರಪ್ಪನವರು ಹೇಳಿದ್ದೇ ನಿಜವೇನೋ ಎಂದು ಒಂದು ಗಳಿಗೆ ನನಗೂ ಅನ್ನಿಸಿತು. ಸುಧಾಳ ಮುಖ ನೋಡಲಾಗದೆ ಅವಳ ತಂದೆಯ ಮುದ್ರಣದ ಕಡತಗಳನ್ನು ತೆರೆದು ದನಿಯ ಅಲೆಗಳನ್ನು ಪರದೆಯ ಮೇಲೆ ಹಿಗ್ಗಿಸಿದೆ. ಕಡಿತಗಳು ಹೆಚ್ಚುಕಡಿಮೆ ಒಂದೇ ಅಂತರದಲ್ಲಿ ಬರುತ್ತಿದ್ದವು. ರೋಗದ ಗಂಟಲು ಹೀಗೆ ಗಡಿಯಾರ ನೋಡಿಕೊಂಡು ಒಡೆಯುವುದಿಲ್ಲ. ಈರಪ್ಪನವರು ಮಾತಿನ ನಡುವೆ ಸುಮ್ಮನಿದ್ದ ಕಡೆ ಹಿನ್ನೆಲೆಯಲ್ಲಿ ಸಣ್ಣಗೆ ಪಟಪಟ ಸದ್ದು ಕೇಳುತ್ತಿತ್ತು. ಅದೇನೆಂದು ಕೇಳಿದೆ.

"ಅವ್ವ ಅಡಗಿಮನ್ಯಾಗ ರೊಟ್ಟಿ ಬಡೀತಿದ್ಲರೀ ಮೇಡಂ" ಎಂದಳು ಸುಧಾ.

ಆ ರೊಟ್ಟಿಯ ಸದ್ದೂ ಅದೇ ಅಂತರದಲ್ಲಿ ಕಡಿಯುತ್ತಿತ್ತು. ದೋಷ ಗಂಟಲಿನದಾಗಿದ್ದರೆ ರೊಟ್ಟಿ ಯಾಕೆ ಕಡಿಯಬೇಕು? ಸುಧಾ ಅಲ್ಲಿಯೇ ಕಣ್ಣೊರೆಸಿಕೊಂಡು ಮನೆಗೆ ಫೋನು ಮಾಡಿದಳು.

ಮರುದಿನ ಗಜೇಂದ್ರಗಡಕ್ಕೆ ಹೋದೆ. ಮುದ್ರಣಕ್ಕೆ ಅವರು ಆರಿಸಿಕೊಂಡದ್ದು ಒಳಗಿನ ಕೋಣೆ. ದಪ್ಪ ಕಲ್ಲಿನ ಗೋಡೆ, ಬೀದಿಯ ಸದ್ದು ಬರುವುದಿಲ್ಲ. ಅಲ್ಲಿ ಲ್ಯಾಪ್‌ಟಾಪ್ ಇಟ್ಟ ಕೂಡಲೇ ಕಡಿತ ಶುರುವಾಯಿತು. ಬಫರನ್ನು 1024ಕ್ಕೆ ಏರಿಸಿದೆ, ತುಸು ಕಡಿಮೆಯಾಯಿತು, ನಿಲ್ಲಲಿಲ್ಲ. ಪ್ರೊಸೆಸರ್ ಮೇಲೆ ಹೊರೆಯೇನೂ ಇರಲಿಲ್ಲ. ಯಾವ ಡ್ರೈವರ್ ಪ್ರೊಸೆಸರನ್ನು ಎಷ್ಟು ಹೊತ್ತು ಹಿಡಿದುಕೊಳ್ಳುತ್ತದೆಂದು ಅಳೆಯುವ ತಂತ್ರಾಂಶ ಹಾಕಿದೆ. ಡ್ರೈವರ್ ಎಂದರೆ ಒಂದೊಂದು ಬಿಡಿಭಾಗವನ್ನು ನಡೆಸುವ ಪುಟ್ಟ ತಂತ್ರಾಂಶ. ವೈಫೈನ ಡ್ರೈವರ್ ಪ್ರತಿಸಲ ಕಾಲು ಸೆಕೆಂಡಿನ ಹತ್ತಿರ ಹಿಡಿದು ಕೂರುತ್ತಿತ್ತು. ಆ ಗೋಡೆಗಳ ಒಳಗೆ ಸಿಗ್ನಲ್ ಬಂದೂ ಬಾರದಂತಿತ್ತು. ಲ್ಯಾಪ್‌ಟಾಪ್ ಸ್ವಲ್ಪ ಸ್ವಲ್ಪ ಹೊತ್ತಿಗೆ ನೆಟ್‌ವರ್ಕ್ ಹುಡುಕಲು ಹೊರಡುತ್ತಿತ್ತು, ಅಷ್ಟರಲ್ಲಿ ಕೊಡ ಚೆಲ್ಲುತ್ತಿತ್ತು. ರೋಣದ ಲ್ಯಾಬಿನಲ್ಲಿ ಸಿಗ್ನಲ್ ಗಟ್ಟಿಯಾಗಿತ್ತು, ಅದಕ್ಕೇ ಅಲ್ಲಿ ರೋಗ ಕಾಣಲಿಲ್ಲ. ದನಿ ಚೆನ್ನಾಗಿ ಬರಲೆಂದು ಆರಿಸಿದ ಕೋಣೆಯೇ ದನಿಯನ್ನು ಕಡಿದಿತ್ತು. ವೈಫೈ ಬಂದ್ ಮಾಡಿದೆ. ಕಡಿತ ನಿಂತಿತು.

ಈರಪ್ಪನವರು ಅಂಗಿ ಸರಿಮಾಡಿಕೊಂಡು ಮೈಕಿನ ಮುಂದೆ ಕುಳಿತರು. ಹೊಸ್ತಿಲಲ್ಲಿ ಅವರ ಹೆಂಡತಿ ಶಾಂತವ್ವ ನಿಂತಿದ್ದರು. ಈರಪ್ಪನವರು ಬಾಯಿ ತೆರೆದರು. ಬಂದದ್ದು ಬರೀ ಗಾಳಿ. ಮೌನವಾಗಿದ್ದ ದಿನಗಳಲ್ಲಿ ಗಡ್ಡೆ ತನ್ನ ಕೆಲಸ ಮಾಡಿತ್ತು. ಮತ್ತೆ ಮತ್ತೆ ಯತ್ನಿಸಿದರು. ಯಂತ್ರ ಆ ಗಾಳಿಯನ್ನು ಒಂದು ಚೂರೂ ಕಡಿಯದೆ ಮುದ್ರಿಸಿಕೊಂಡಿತು.

ಅವರು ನನ್ನ ಕಡೆ ನೋಡಿ ತುಟಿ ಅಲ್ಲಾಡಿಸಿದರು: "ಬಸ್ ರಿಪೇರಿ ಆತ್ರಿ ಅಕ್ಕಾರ. ಪ್ಯಾಸೆಂಜರ ಇಳದು ನಡಕೋತ ಹ್ವಾದ."

ಈ ಮಾತನ್ನು ಅವರು ಪಿಸುದನಿಯಲ್ಲಿ ಪೂರ್ತಿ ಹೇಳಿದರೋ, ಅರ್ಧ ಕೇಳಿ ಉಳಿದರ್ಧ ನಾನು ತುಂಬಿಕೊಂಡೆನೋ, ಇವತ್ತು ಆಣೆ ಮಾಡಿ ಹೇಳಲಾರೆ. ಅವರು ನಕ್ಕಿದ್ದು ಮಾತ್ರ ನಿಜ. ನಮಗೆ ಯಾರಿಗೂ ನಗು ಬರಲಿಲ್ಲ.

ಆಪರೇಷನ್ ಆಯಿತು. ಉಳಿದದ್ದು ಮೊದಲಿನ ಆ ಹರಿದ ಮುದ್ರಣ ಮಾತ್ರ. ಅದನ್ನು ಲ್ಯಾಬಿಗೆ ತಂದು ಕುಳಿತಾಗ ಒಂದು ಸಂಗತಿ ಹೊಳೆಯಿತು. ಈರಪ್ಪನವರು ಪ್ರತಿ ಮಾತನ್ನೂ ಎರಡು ಸಲ ಹೇಳಿದ್ದರು. ನಿಲ್ದಾಣದ ಗದ್ದಲದಲ್ಲಿ ಒಂದು ಸಲ ಕೂಗಿದರೆ ಯಾರಿಗೂ ಕೇಳುವುದಿಲ್ಲ, ಹಾಗಾಗಿ ಅದು ಅವರ ಉಸಿರಿನಲ್ಲೇ ಸೇರಿಹೋಗಿತ್ತು. ಮನೆಯಲ್ಲಿ ಚಹಾ ಕೇಳುವುದೂ ಎರಡು ಸಲವೇ. "ಇವರಿಗೆ ಮನೀನೂ ಸ್ಟ್ಯಾಂಡ ರೀ, ನಾವೆಲ್ಲಾ ಪ್ಯಾಸೆಂಜರ" ಎಂದು ಶಾಂತವ್ವ ಹಿಂದೊಮ್ಮೆ ಚೇಷ್ಟೆ ಮಾಡಿದ್ದರಂತೆ. ಒಂದು ಸಲ ಕಡಿದ ಅಕ್ಷರ ಇನ್ನೊಂದು ಸಲದಲ್ಲಿ ಇಡಿಯಾಗಿ ಸಿಕ್ಕಿತು. ಒಂದರಿಂದ ತೆಗೆದು ಇನ್ನೊಂದಕ್ಕೆ ಕೂಡಿಸುತ್ತ ಎಲ್ಲ ಮಾತುಗಳನ್ನೂ ಸರಿಮಾಡಿದೆ, ಒಂದರ ಹೊರತು.

ಆ ಒಂದು, ಹೆಂಡತಿಯ ಹೆಸರು. ಮದುವೆಯಾದಾಗಿನಿಂದ ಅವರು ಅದನ್ನು ಬಾಯಲ್ಲಿ ಆಡಿದವರಲ್ಲ. "ಏ, ಕೇಳ್ತೇನ" ಎಂದೇ ಕರೆಯುತ್ತಿದ್ದರು. ಅವ್ವನನ್ನು ಕರೆಯಲು ಒಂದು ಗುಂಡಿ ಬೇಕಲ್ಲ ಎಂದು ಸುಧಾ ಪಟ್ಟು ಹಿಡಿದಾಗ, ಶಾಂತವ್ವ ಅಡುಗೆಮನೆಯಲ್ಲಿರುವುದನ್ನು ಖಾತ್ರಿ ಮಾಡಿಕೊಂಡು ಮೆಲ್ಲಗೆ ಹೇಳಿದ್ದರು. ಇನ್ನೊಮ್ಮೆ ಹೇಳು ಎಂದರೆ ನಾಚಿ ಎದ್ದುಹೋದರಂತೆ. ಅಲ್ಲಿಯೇ ಕಡಿತ ಬಿದ್ದಿತ್ತು: "ಶಾ… ವ್ವಾ".

ಮೈಕ್ ಪರೀಕ್ಷೆಗೆಂದು ಅವರು ಶುರುವಿನಲ್ಲಿ ತಮ್ಮ ಹಳೆಯ ಕೂಗನ್ನೇ ಕೂಗಿದ್ದರು: ರಾಜೂರ, ಶಾಂತಗೇರಿ ಕಡೆಗೆ ಹೋಗುವ ಬಸ್ಸು ಹೊರಡಲು ಸಿದ್ಧವಾಗಿದೆ. ಶಾಂತಗೇರಿ ಎಂಬ ಊರಿನ ಹೆಸರಿನಿಂದ ಬೇಕಾದ ತುಣುಕು ತೆಗೆದು ಆ ಬಿರುಕಿಗೆ ಕೂಡಿಸಿದೆ. ಅಲೆಗಳ ಎತ್ತರ ಸರಿಹೊಂದಿಸಿದೆ. ಕೇಳಿದರೆ ಬೆಸುಗೆ ಗೊತ್ತಾಗುತ್ತಿರಲಿಲ್ಲ. ನನ್ನ ಕೆಲಸದ ಬಗ್ಗೆ ನನಗೆ ಹೆಮ್ಮೆಯಾಯಿತೆಂದು ದಿನಚರಿಯಲ್ಲಿದೆ.

ಈರಪ್ಪನವರು ಹುಬ್ಬಳ್ಳಿಯಿಂದ ಮರಳಿದ ಮೇಲೆ ಫೋನು ಸಿದ್ಧಮಾಡಿ ತೆಗೆದುಕೊಂಡು ಹೋದೆ. ಕುತ್ತಿಗೆಗೆ ಬಿಳಿ ಬಟ್ಟೆ ಕಟ್ಟಿಕೊಂಡು ಅವರು ಮಂಚದ ಮೇಲೆ ಕುಳಿತಿದ್ದರು. ಒಂದೊಂದೇ ಗುಂಡಿ ಒತ್ತಿ ಕೊನೆಗೆ ಹೆಸರಿನ ಗುಂಡಿ ಒತ್ತಿದರು. ಅದು ತಪ್ಪಿಲ್ಲದೆ ಕರೆಯಿತು. ಶಾಂತವ್ವ ತಲೆ ಅಲ್ಲಾಡಿಸಿದರು.

"ಇದು ಸ್ಟ್ಯಾಂಡಿನ್ಯಾಗಿನ ದನಿ ಐತ್ರಿ ಅಕ್ಕಾರ. ಊರ ಮಂದೀನ ಕರೆಯೋದು. ಇವರು ನನ್ನ ಕರದದ್ದು ಬ್ಯಾರೆ ಇದ್ದೀತು."

ಮೂಲದ್ದು ಹರಿದಿದೆ, ಪೂರ್ತಿ ಹೆಸರು ಬರುವುದಿಲ್ಲ ಎಂದೆ. ಅದನ್ನೇ ಕೇಳಿಸಿರಿ ಎಂದರು. ಕೇಳಿಸಿದೆ. "ಶಾ… ವ್ವಾ." ತೀರ ಸಣ್ಣ ದನಿ, ಕದ್ದು ಕರೆದಂತೆ. ಶಾಂತವ್ವ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ನಿಂತರು. ಈರಪ್ಪನವರು ಗೋಡೆಯ ಕಡೆ ಮುಖ ತಿರುಗಿಸಿದರು.

"ಅದನ್ನ ಇಡ್ರಿ. ಹರದಿದ್ರ ಹರೀಲಿ. ಅಷ್ಟ ಕೇಳಿದ್ರ ಸಾಕು, ನಾ ಬರ್ತೀನಿ" ಎಂದರು ಶಾಂತವ್ವ.

ಅದನ್ನೇ ಇಟ್ಟೆ. ಈರಪ್ಪನವರು ಒಂದು ವರ್ಷದ ಮೇಲೆ ಕೆಲವು ತಿಂಗಳು ಬದುಕಿದರು. ಆ ಗುಂಡಿಯನ್ನೇ ಎಲ್ಲಕ್ಕಿಂತ ಹೆಚ್ಚು ಒತ್ತುತ್ತಿದ್ದರೆಂದೂ, ಪ್ರತಿಸಲ ಒಳಗಿನಿಂದ "ಬಂದ್ನಿ" ಎಂದು ಉತ್ತರ ಬರುತ್ತಿತ್ತೆಂದೂ ಸುಧಾ ಹೇಳಿದ್ದಾಳೆ. ಅವರು ತೀರಿಕೊಂಡ ಮೇಲೆ ಮಾತಾಡಿಸಲು ಹೋದಾಗ ಫೋನು ಗೂಡಿನಲ್ಲಿ ಚಾರ್ಜಿಗೆ ಹಾಕಿತ್ತು. ಆಗಾಗ ಕೇಳುತ್ತೀರಾ ಎಂದು ಶಾಂತವ್ವನನ್ನು ಕೇಳಿದೆ.

"ಇಲ್ರಿ ಅಕ್ಕಾರ. ನಾನ ಒತ್ತಿದ್ರ, ನನ್ನ ನಾನ ಕರಕೊಂಡಂಗ ಆಗತೈತಿ."

ಇಂದಿಗೂ ಜನ ಸತ್ತವರ ದನಿಯ ಕಡತಗಳನ್ನು ಸರಿಮಾಡಿಕೊಡಿ ಎಂದು ತರುತ್ತಾರೆ. ಗುರುಗುಟ್ಟುವ ಸದ್ದು ತೆಗೆದುಕೊಡುತ್ತೇನೆ, ದನಿ ಸಣ್ಣದಿದ್ದರೆ ಎತ್ತರಿಸುತ್ತೇನೆ. ಬಿಟ್ಟುಹೋದ ಅಕ್ಷರ ತುಂಬಿಕೊಡಿ ಎಂದರೆ, ಹರಿದದ್ದನ್ನು ಮೊದಲು ಮನೆಯವರಿಗೆ ಹಾಗೆಯೇ ಕೇಳಿಸುತ್ತೇನೆ. ಚೆಲ್ಲಿಹೋದದ್ದರ ಜಾಗದಲ್ಲಿ ಬೇರೆ ಕಡೆಯದನ್ನು ಕೂಡಿಸಬೇಕೋ ಬೇಡವೋ, ಅದು ನನ್ನ ಕಿವಿ ತೀರ್ಮಾನಿಸುವ ವಿಷಯವಲ್ಲ. ಆ ದನಿಗೆ "ಬಂದ್ನಿ" ಎನ್ನಬೇಕಾದವರದು ಆ ತೀರ್ಮಾನ.