ಮಗಳ ಎರಡು ಜನ್ಮದಿನಾಂಕಗಳು

ಮಗಳನ್ನು ಸೇರಿಸಲು ದೋಹಾದ ಶಾಲೆಗೆ ಹೋದದ್ದು ಜೂನ್ ತಿಂಗಳ ಉರಿಬಿಸಿಲಿನಲ್ಲಿ ಎಂದು ನಾನು ಬಹುಕಾಲ ನಂಬಿದ್ದೆ. ಇದನ್ನು ಬರೆಯುವ ಮುನ್ನ ಹಳೆಯ ಪಾಸ್‌ಪೋರ್ಟುಗಳನ್ನು ತೆಗೆದು ನೋಡಿದರೆ, ಹೆಂಡತಿ ಮತ್ತು ಮಗಳು ಬಂದಿಳಿದ ಮುದ್ರೆ ಏಪ್ರಿಲ್ ತಿಂಗಳದ್ದು. ಮಗಳ ಶಾಲಾ ಡೈರಿಯ ಮೊದಲ ಪುಟವೂ ಅದನ್ನೇ ಹೇಳುತ್ತದೆ. ಆದ್ದರಿಂದ ಏಪ್ರಿಲ್ ಎಂದೇ ಇಟ್ಟುಕೊಳ್ಳುತ್ತೇನೆ. ನೆನಪಿನಲ್ಲಿ ಉಳಿದ ಉರಿ ಹವಾಮಾನದ್ದಾಗಿರಲಾರದು.

ತೊಂಬತ್ತರ ದಶಕದ ನಡುವಿನ ಆ ವರ್ಷಗಳಲ್ಲಿ ನಾನು ಕತಾರಿನಲ್ಲಿ ಅಂತರ್ಜಲ ಸಂಶೋಧಕನಾಗಿದ್ದೆ. ಹಳೆಯ ಬಾವಿಗಳ ದಾಖಲೆಗಳನ್ನು ಒಂದಕ್ಕೊಂದು ತಾಳೆ ನೋಡಿ, ತಪ್ಪು ತಾರೀಖುಗಳನ್ನು ಕೆಂಪು ಶಾಯಿಯಲ್ಲಿ ಗುರುತಿಸುವುದು ನನ್ನ ದಿನನಿತ್ಯದ ಕೆಲಸ. ಮಗಳು ನಮ್ಮ ಜಿಲ್ಲಾ ಕೇಂದ್ರದ ಸರ್ಕಾರಿ ಶಾಲೆಯಲ್ಲಿ ನಾಲ್ಕನೆಯ ತರಗತಿಯನ್ನು ಮೊದಲಿಗಳಾಗಿ ಮುಗಿಸಿ ಬಂದಿದ್ದಳು. ಅವಳ ವರ್ಗಾವಣೆ ಪತ್ರಕ್ಕೆ ಜಿಲ್ಲೆಯ ಶಿಕ್ಷಣ ಇಲಾಖೆಯ ಉಪನಿರ್ದೇಶಕರ ಮೇಲುರುಜು ಹಾಕಿಸಲು ಹೆಂಡತಿ ಆ ಕಚೇರಿಯ ಮೆಟ್ಟಿಲನ್ನು ಹಲವು ಸಲ ಹತ್ತಿದ್ದಳು. ಅಷ್ಟು ಮುದ್ರೆಗಳಿದ್ದ ಕಾಗದವನ್ನು ಯಾರು ತಾನೇ ಪ್ರಶ್ನಿಸುತ್ತಾರೆ ಎಂಬ ಧೈರ್ಯ ನಮಗಿತ್ತು.

ಶಾಲೆಯ ಗುಮಾಸ್ತ ಕೇರಳದವನು. ವರ್ಗಾವಣೆ ಪತ್ರವನ್ನೂ ಪಾಸ್‌ಪೋರ್ಟನ್ನೂ ಅಕ್ಕಪಕ್ಕ ಇಟ್ಟು, ಎರಡರ ಮೇಲೂ ಒಂದೊಂದು ಬೆರಳೂರಿ, ನನ್ನತ್ತ ತಿರುಗಿಸಿದ. ವರ್ಗಾವಣೆ ಪತ್ರದಲ್ಲಿ ಮಗಳು ಮೇ ತಿಂಗಳಲ್ಲಿ ಹುಟ್ಟಿದ್ದಳು. ಪಾಸ್‌ಪೋರ್ಟಿನಲ್ಲಿ ಅದೇ ವರ್ಷದ ನವೆಂಬರಿನಲ್ಲಿ.

"ಪಾಸ್‌ಪೋರ್ಟೇ ಫೈನಲ್, ಸಾರ್. ಟಿಸಿ ಮಾಫಿ," ಎಂದ. ಮಾಫಿ ಎಂದರೆ ಅಲ್ಲಿನ ಅರಬ್ಬಿಯಲ್ಲಿ ಇಲ್ಲ, ನಡೆಯದು.

ನವೆಂಬರ್ ನಿಜ, ಆಸ್ಪತ್ರೆಯ ಹೊರಗೆ ಕಾದು ನಿಂತಿದ್ದವನು ನಾನೇ. ಹಾಗಾದರೆ ಮೇ ಎಲ್ಲಿಂದ ಬಂತು? ಎಂಟು ನೂರು ಅಡಿ ಆಳದ ಬಾವಿಯ ದಾಖಲೆಯಲ್ಲಿ ಒಂದು ದಿನದ ವ್ಯತ್ಯಾಸವನ್ನೂ ಹಿಡಿಯುತ್ತಿದ್ದವನು ಮಗಳ ಪತ್ರವನ್ನು ಒಮ್ಮೆಯೂ ಓದಿರಲಿಲ್ಲ. ಮುದ್ರೆಗಳನ್ನಷ್ಟೇ ಎಣಿಸಿದ್ದೆ.

ಪ್ರಿನ್ಸಿಪಾಲರು ಮಗಳಿಂದ ಇಂಗ್ಲಿಷ್ ಪಾಠವೊಂದನ್ನು ಓದಿಸಿದರು. ತಡವರಿಸಿದರೂ ಓದಿದಳು. ಆದರೆ ಪಾಸ್‌ಪೋರ್ಟಿನ ಪ್ರಕಾರ ಐದನೆಯ ತರಗತಿಗೆ ವಯಸ್ಸು ಸಾಲದು. ಮತ್ತೆ ನಾಲ್ಕರಲ್ಲೇ ಕೂರಬೇಕು. ಒಂದು ದಾರಿ ಮಾತ್ರ ಇತ್ತು. ತಪ್ಪು ಊರಿನ ಶಾಲೆಯದೇ ಎಂದು ಜಿಲ್ಲಾ ಶಿಕ್ಷಣ ಕಚೇರಿ ಬರೆದುಕೊಟ್ಟರೆ, ವಿಶೇಷ ಪ್ರಕರಣವೆಂದು ಪರಿಗಣಿಸಿ ಐದಕ್ಕೆ ತೆಗೆದುಕೊಳ್ಳಬಹುದು. ಜುಲೈಯಲ್ಲಿ ಬೇಸಿಗೆ ರಜೆ ಶುರುವಾಗುವವರೆಗೆ ಜಾಗವನ್ನು ಹಿಡಿದಿಡುತ್ತೇವೆ ಎಂದರು.

ಹೊರಗೆ ಬಂದಾಗ ಮಗಳು ಕೇಳಿದಳು: "ಅಪ್ಪ, ನಾನೇನು ಫೇಲಾಗಿದೀನಾ?"

"ಇಲ್ಲಮ್ಮ. ನಿಮ್ಮ ಹೆಡ್‌ಮಾಸ್ಟರು ತಪ್ಪು ಬರೆದಿದಾರೆ," ಎಂದೆ. ಅಷ್ಟು ಖಚಿತವಾಗಿ ಹೇಳಿದೆ.

ಬಿನ್ ಮಹಮೂದ್ ಬಡಾವಣೆಯ ನಮ್ಮ ಕಟ್ಟಡದಲ್ಲಿ ಮೇಲಿನ ಮನೆಯವರು ಮಂಗಳೂರು ಕಡೆಯ ಬಟ್ಟೆ ವ್ಯಾಪಾರಿ. ಅವರ ಮಗಳೂ ಐದನೆಯ ತರಗತಿ. ಇಬ್ಬರೂ ಒಂದೇ ಬೆಂಚಿನಲ್ಲಿ ಕೂರುವುದೆಂದು ಬಂದ ವಾರದಲ್ಲೇ ತೀರ್ಮಾನವಾಗಿತ್ತು. ವಿಷಯ ತಿಳಿದು ಅವರು ನಕ್ಕುಬಿಟ್ಟರು.

"ಎಂತ ಸಾರ್, ಇಷ್ಟಕ್ಕೆ ಮಂಡೆಬಿಸಿ ಮಾಡ್ತೀರಾ? ನಾನು, ನನ್ನ ತಮ್ಮ, ನನ್ನ ಭಾವ, ಮೂರು ಜನವೂ ಜೂನ್ ಒಂದಕ್ಕೇ ಹುಟ್ಟಿದ್ದು ಮಾರಾಯ್ರೆ. ಮಾಸ್ಟ್ರು ಬರೆದದ್ದೇ ಜನ್ಮ!"

"ನಿಮ್ಮಲ್ಲಿ ನಡೆಯಬಹುದು. ನಮ್ಮ ಮನೆಯಲ್ಲಿ ಹಾಗಿಲ್ಲ," ಎಂದೆ. ಅವರು ಮತ್ತೆ ನಗಲಿಲ್ಲ.

ಆ ಪದ್ಧತಿ ನನಗೆ ತಿಳಿಯದ್ದೇನಲ್ಲ. ಒಂದನೆಯ ತರಗತಿಗೆ ವಯಸ್ಸು ಕೆಲವು ತಿಂಗಳು ಸಾಲದಿದ್ದರೆ, ಮಗುವಿನ ವರ್ಷ ಹಾಳಾಗದಿರಲಿ ಎಂದು ಮುಖ್ಯೋಪಾಧ್ಯಾಯರು ದಿನಾಂಕವನ್ನು ಹಿಂದಕ್ಕೆ ಸರಿಸಿ ಬರೆದುಬಿಡುತ್ತಿದ್ದರು. ಪುಣ್ಯದ ಕೆಲಸವೆಂದೇ ಎಲ್ಲರೂ ತಿಳಿದಿದ್ದರು. ನಾನು ಉಪನಿರ್ದೇಶಕರಿಗೆ ಮೂರು ಪುಟಗಳ ದೂರು ಬರೆದೆ. ಪೋಷಕರ ಗಮನಕ್ಕೆ ತಾರದೆ ದಾಖಲೆ ತಿದ್ದಿದ ಮುಖ್ಯೋಪಾಧ್ಯಾಯರ ಮೇಲೆ ಕ್ರಮ ಜರುಗಿಸಬೇಕೆಂದೂ, ತಪ್ಪನ್ನು ಲಿಖಿತವಾಗಿ ಒಪ್ಪಿಕೊಳ್ಳಬೇಕೆಂದೂ ಒತ್ತಾಯಿಸಿದೆ. ಉತ್ತರ ಬರುವವರೆಗೆ ಮಗಳು ನಾಲ್ಕರಲ್ಲಿ ಕೂತಳು. ಶಾಲಾ ಬಸ್ಸಿನಲ್ಲಿ ಕೇಳಿದವರಿಗೆಲ್ಲ, "ನಮ್ಮ ಹೆಡ್‌ಮಾಸ್ಟರ್ ಮಿಸ್ಟೇಕ್," ಎನ್ನುತ್ತಿದ್ದಳಂತೆ.

ಉತ್ತರ ನನ್ನ ಕಚೇರಿಯ ಅಂಚೆಪೆಟ್ಟಿಗೆಗೆ ಬಂದಾಗ ರಜೆಗೆ ಒಂದು ವಾರವಷ್ಟೇ ಉಳಿದಿತ್ತು. ಉದ್ದನೆಯ ಲಕೋಟೆಯನ್ನು ಒಡೆಯದೆ ಮನೆಗೆ ತಂದು, ಊಟದ ಮೇಜಿನ ಮೇಲೆ ಹೆಂಡತಿಯ ಎದುರು ಬಿಡಿಸಿದೆ. ಒಳಗಿದ್ದದ್ದು ಎರಡು ಸಾಲಿನ ಕಾಗದ ಮತ್ತು ಮಗಳ ಒಂದನೆಯ ತರಗತಿಯ ಪ್ರವೇಶ ಅರ್ಜಿಯ ಜೆರಾಕ್ಸ್ ಪ್ರತಿ. ಮೇ ತಿಂಗಳ ಜನ್ಮದಿನಾಂಕ ಇದ್ದದ್ದು ಮುಖ್ಯೋಪಾಧ್ಯಾಯರ ದುಂಡನೆಯ ಅಕ್ಷರದಲ್ಲಿ. ಅದರ ಕೆಳಗೆ, "ಮೇಲಿನ ವಿವರಗಳನ್ನು ಓದಿ ನೋಡಿದ್ದೇನೆ, ಸರಿಯಾಗಿವೆ" ಎಂಬ ಅಚ್ಚಾದ ಸಾಲು. ಅದರ ಕೆಳಗೆ ನನ್ನ ಸಹಿ.

ಇದು ಸುಳ್ಳು, ಆ ದಿನ ನಾನು ಊರಿನಲ್ಲೇ ಇರಲಿಲ್ಲ ಎಂದು ಎದ್ದು ನಿಂತೆ. ತಾರೀಖು ಹಾಕದೆ ನಾನು ಎಲ್ಲಿಯೂ ಸಹಿ ಮಾಡಿದವನಲ್ಲ, ಇಲ್ಲಿಯೂ ಹಾಕಿದ್ದೆ. ಟ್ರಂಕಿನಲ್ಲಿ ತಂದಿದ್ದ ಹಳೆಯ ಕ್ಷೇತ್ರಕಾರ್ಯದ ಪುಸ್ತಕಗಳಲ್ಲಿ ಆ ತಾರೀಖನ್ನು ಹುಡುಕಿದೆ. ಪುಟ ಸಿಕ್ಕಿತು: "ಬೆಳಿಗ್ಗೆ ಮಗಳನ್ನು ಶಾಲೆಗೆ ಸೇರಿಸಿದೆ. ಮಧ್ಯಾಹ್ನದ ಬಸ್ಸಿಗೆ ಹೊರಟೆ." ಮುಂದೆ ಇಡೀ ಪುಟ ಬಾವಿಗಳ ಅಳತೆ.

ಬಸ್ಸಿನ ಅವಸರದಲ್ಲಿ ನಿಂತುಕೊಂಡೇ ಸಹಿ ಹಾಕಿರಬೇಕು. ನೆನಪು ಇಂದಿಗೂ ಬಂದಿಲ್ಲ. ನನ್ನದೇ ಕೈಬರಹದ ಎರಡು ಸಾಕ್ಷ್ಯಗಳು ಎದುರಿದ್ದೂ ಏನೂ ನೆನಪಾಗದೆ ಕುಳಿತದ್ದು, ಆ ಸಹಿಗಿಂತ ಹೆಚ್ಚಾಗಿ ನನ್ನನ್ನು ನಡುಗಿಸಿತು.

"ರೀ, ಆ ಮೇಷ್ಟ್ರಿಗೆ ಏನಾಯ್ತಂತೆ?" ಹೆಂಡತಿ ಕೇಳಿದಳು.

ಕಾಗದದ ಎರಡನೆಯ ಸಾಲಿನಲ್ಲಿ ಅದಿತ್ತು. ಅವರಿಂದ ವಿವರಣೆ ಕೇಳಲಾಗಿದೆ ಎಂದಿತ್ತು.

ಮರುದಿನ ಆ ಪ್ರತಿಯನ್ನು ಪ್ರಿನ್ಸಿಪಾಲರ ಮುಂದಿಟ್ಟೆ. ಇಡದಿದ್ದರೂ ಫಲ ಒಂದೇ ಆಗುತ್ತಿತ್ತು. ಅವರು ಅದರ ಅರ್ಥ ಕೇಳಿ ತಿಳಿದುಕೊಂಡು, ಮೆಲ್ಲಗೆ ನನಗೇ ಹಿಂದಿರುಗಿಸಿದರು. ಐದನೆಯ ತರಗತಿಯ ಜಾಗ ಬೇರೆ ಮಗುವಿಗೆ ಹೋಯಿತು. ದೂರನ್ನು ಹಿಂತೆಗೆದುಕೊಂಡು, ತಪ್ಪು ನನ್ನದೆಂದು ಉಪನಿರ್ದೇಶಕರಿಗೆ ಒಂದೇ ಪುಟದಲ್ಲಿ ಬರೆದೆ. ಮೇಲಿನ ಮನೆಗೆ ಹೋಗಿ ವ್ಯಾಪಾರಿಗೂ ಹೇಳಿದೆ. "ಖಲಾಸ್, ಬಿಡಿ ಸಾರ್. ಚಾ ಕುಡೀರಿ," ಎಂದರು.

ಮಗಳಿಗೆ ಹೇಳುವುದು ಕೊನೆಗೆ ಉಳಿಯಿತು. ಅವಳು ಜೆರಾಕ್ಸ್ ಪ್ರತಿಯನ್ನು ಕೈಗೆತ್ತಿಕೊಂಡು ಮೇಲಿನಿಂದ ಕೆಳಗಿನವರೆಗೆ ಓದಿದಳು. ಆ ಕಾಗದವನ್ನು ಪೂರ್ತಿ ಓದಿದವರಲ್ಲಿ ಅವಳೇ ಮೊದಲಿಗಳಿರಬಹುದು.

"ಮತ್ತೆ ಹೆಡ್‌ಮಾಸ್ಟರು ತಪ್ಪು ಬರೆದಿದಾರೆ ಅಂದ್ರಲ್ಲಪ್ಪ?" ಎಂದಳು.

ರಜೆ ಮುಗಿದ ಮೇಲೆ ನಾಲ್ಕನೆಯ ತರಗತಿಯ ಪ್ರಗತಿಪತ್ರ ಬಂತು. ಪೆನ್ನು ತೆಗೆದೆ. ಸಹಿಯ ಜಾಗವನ್ನು ಅವಳು ಅಂಗೈಯಿಂದ ಮುಚ್ಚಿದಳು.

"ಮೊದಲು ಓದಿ," ಎಂದಳು.

ಓದಿದೆ. ಅವಳು ಕೈ ತೆಗೆಯಲಿಲ್ಲ.

"ಜೋರಾಗಿ."