ನಸ್ರೀನಳ ಒಪ್ಪಿಗೆಗೆ ಮೂರು ಬಸ್ಸು

ಬೆಳಿಗ್ಗೆ ಶ್ರೀರಂಗಪಟ್ಟಣದಲ್ಲಿ ತಲೆಗೆ ಮೂರು ರೂಪಾಯಿ ಕೊಟ್ಟು ಬಸ್ಸು ಹತ್ತಿದಾಗ ನಾವು ಮೂರೇ ಜನ: ನಾನು, ನನ್ನ ವಿದ್ಯಾರ್ಥಿನಿ ನಸ್ರೀನ್, ಅವಳ ತಂದೆ ರಹೀಂ ಸಾಬರು. ರಸಾಯನಶಾಸ್ತ್ರದಲ್ಲಿ ನನ್ನನ್ನೇ ತಡವರಿಸುವಂತೆ ಮಾಡುತ್ತಿದ್ದ ಹುಡುಗಿ ಅವಳು. ನನ್ನ ಒತ್ತಾಯಕ್ಕೆ ಅರ್ಜಿ ಹಾಕಿ, ಇಂಗ್ಲೆಂಡಿನಲ್ಲಿ ಎಂಎಸ್ಸಿ ಓದಲು ಪೂರ್ತಿ ವಿದ್ಯಾರ್ಥಿವೇತನ ಗಿಟ್ಟಿಸಿದ್ದಳು. ಬರುತ್ತೇನೆಂದು ತಿಳಿಸಲು ಆ ವಾರವೇ ಕೊನೆ. ತಂದೆಯದು ಮಾತ್ರ ಒಂದೇ ಮಾತು: "ನಮ್ಮಣ್ಣ ಹೂಂ ಅಂದ್ರೆ ನಂದೇನೈತೆ ಮೇಷ್ಟ್ರೇ?"

ಆ ಅಣ್ಣ ಪಾಂಡವಪುರದಲ್ಲಿದ್ದರು. ಟೀ ಕೊಟ್ಟು ಎಲ್ಲ ಕೇಳಿಸಿಕೊಂಡರು. "ಪ್ಯಾಟೆ ಅಕ್ಕನ್ನ ಕೇಳ್ದೆ ನಾನೆಂಗೇಳ್ಲಿ?" ಎಂದು ತಾವೂ ಚಪ್ಪಲಿ ಮೆಟ್ಟಿದರು. ಕೆ.ಆರ್. ಪೇಟೆಯವರೆಗೂ ಬಿಸಿಲು, ಧೂಳು. ನಾನು ಮುಖ ಗಂಟಿಕ್ಕಿಕೊಂಡೇ ಕೂತಿದ್ದೆ. ಅಲ್ಲಿ ಅಕ್ಕ ಬಿಸಿ ಚಿತ್ರಾನ್ನ ಬಡಿಸಿ, "ನಾಗಮಂಗಲದಲ್ಲಿ ಅಮ್ಮಿ ಇರೋವಾಗ ನಾನ್ಯಾರು?" ಎಂದು ಬುರ್ಖಾ ಹಾಕಿಕೊಂಡು ಹೊರಟೇಬಿಟ್ಟರು. ಹೊಣೆ ದಾಟಿಸುವುದರಲ್ಲಿ ಈ ಮನೆಯವರನ್ನು ಮೀರಿಸುವವರಿಲ್ಲ!

ನಾಗಮಂಗಲದ ಬಸ್ಸಿನಲ್ಲಿ ಐದು ಟಿಕೆಟ್ ಹರಿದ ಕಂಡಕ್ಟರು, "ಏನ್ ಸಾ, ಹೆಣ್ ನೋಡಾಕ್ ಒಂಟ್ರಾ?" ಎಂದ. "ಹೆಣ್ಣು ಕಳಿಸೋಕೆ" ಎಂದೆ. ಎಲ್ಲರೂ ನಕ್ಕರು, ನಸ್ರೀನ್ ನಗಲಿಲ್ಲ.

ನಸ್ರೀನಳ ಅಜ್ಜಿ ಜಗುಲಿಯ ಮೇಲೆ ಕೂತಿದ್ದರು. ದಾರಿಯುದ್ದಕ್ಕೂ ಉರುಹೊಡೆದಿದ್ದ ಭಾಷಣವನ್ನು ನಾನು ಒಂದೇ ಉಸಿರಿಗೆ ಒಪ್ಪಿಸಿದೆ.

"ಒಬ್ಳೇ ಓಯ್ತಾಳಾ?" ಎಂದರು.

"ಹೌದಜ್ಜಿ."

ಅಜ್ಜಿ ಎದ್ದು ಒಳಗೆ ಹೋದರು. ಕೆಟ್ಟಿತು ಕೆಲಸ ಎಂದುಕೊಂಡೆ. ನಸ್ರೀನಳ ಕಣ್ಣು ತುಂಬಿತು.

ಹೊರಬಂದಾಗ ಅಜ್ಜಿಯ ಕೈಯಲ್ಲಿ ನಾಣ್ಯ ಸುತ್ತಿದ ಹಸಿರು ಬಟ್ಟೆಯಿತ್ತು. ದೂರ ಹೊರಟವರನ್ನು ಕಾಯಲೆಂದು ಇವರ ಮನೆಗಳಲ್ಲಿ ತೋಳಿಗೆ ಕಟ್ಟುವ ಇಮಾಮ್ ಜಾಮಿನ್ ಅದು. "ಒರಡೋ ದಿನ ನಂಗ್ ಬರಾಕಾಗಕಿಲ್ಲ, ಈಗ್ಲೇ ಕಟ್ಬುಡ್ತೀನಿ. ಚೆನ್ನಾಗ್ ಓದ್ಬುಟ್ಟು ಬಾ ಬೇಟಿ" ಎಂದು ಮೊಮ್ಮಗಳ ತೋಳಿಗೆ ಬಿಗಿಯಾಗಿ ಗಂಟು ಹಾಕಿದರು. ನಸ್ರೀನ್ ಅಜ್ಜಿಯನ್ನು ತಬ್ಬಿ ಅತ್ತಳು. ನನಗಂತೂ ಬೀದಿಯಲ್ಲೇ ಕುಣಿಯಬೇಕೆನ್ನಿಸಿತು. ಅಷ್ಟರಲ್ಲಿ ಅಜ್ಜಿ ಎದುರುಮನೆಗೆ ಕೇಳುವಂತೆ ಕೂಗಿದರು: "ನಮ್ ನಸ್ರೀನ್ ವಿಲಾಯ್ತಿಗ್ ಓಯ್ತಾವ್ಳೆ ಕಣವ್ವಾ!"

ಸಂಜೆಯ ಬಸ್ಸಿಗೆಂದು ಬೀದಿಯ ತಿರುವಿಗೆ ಬಂದಿದ್ದೆವು. ಹಿಂದಿನಿಂದ, "ಮೇಷ್ಟ್ರೇ, ನಿಲ್ಲಿ!" ಎಂದಿತು ಅಜ್ಜಿಯ ದನಿ. ತಿರುಗಿ ನೋಡಿದರೆ ಇನ್ನೊಂದು ಹಸಿರು ಬಟ್ಟೆ ಹಿಡಿದು ಬರುತ್ತಿದ್ದರು. "ತೋಳ್ ಕೊಡಿ."

"ನಾನೆಲ್ಲಿಗೂ ಹೋಗ್ತಾ ಇಲ್ಲವಲ್ಲಜ್ಜಿ!"

"ಯಾಕೆ, ಇವ್ಳೊಬ್ಳೇ ಸಾಕಾ? ಓದಾಕ್ ಕಳ್ಸಿ ಅಂತ ಇನ್ನೊಬ್ಳು ಉಡ್ಗಿ ಮನೇಗ್ ಓಗಾಕಿಲ್ವಾ ನೀವು?"

ಅಂಗಿಯ ತೋಳು ಮಡಿಸಿದೆ.