ಕುಣಿಯೋ ಕೋಣೆಯೋ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂದವರು ಮೇಲ್ಮನವಿ ಹಾಕಿ ನೋಡಿರಲಿಲ್ಲ, ಬಿಡಿ. ನಾನು ನೋಡಿದೆ. ಅದೂ ಇಮಾಮಸಾಬರ ದಯೆಯಿಂದ.

ಇಳಕಲ್ಲಿನಲ್ಲಿ ಮನೆಗಳ ನಕ್ಷೆ ಬರೆಯುವವರು ಇಮಾಮಸಾಬ. ಕಟ್ಟಲು ಅಪ್ಪಣೆ ಸಿಗದವರ ಮೇಲ್ಮನವಿ ಹಿಡಿದು ನಲವತ್ತು ವರ್ಷ ಊರೂರು ಅಲೆದವರು. "ಮನಿಗೆ ಬಿಡೂ ದೂರಾನ ಬಾದಾಮ್ಯಾಗ ಹಳೇ ಗುಡಿಯಿಂದ ಅಳೀತಾರ, ಬಾಗಲಕೋಟ್ಯಾಗ ಹಿನ್ನೀರಿನಿಂದ, ಹುನಗುಂದದಾಗ ರಸ್ತೆಯಿಂದ. ಊರಿಗೊಂದು ನ್ಯಾಯ ಯವ್ವಾ," ಎನ್ನುವರು. ಇಳಕಲ್ಲಿನಲ್ಲಿ ಎಲ್ಲಿಂದ ಅಳೆಯುತ್ತಾರೆ ಎಂದರೆ ನಕ್ಕು ಅಳತೆಯ ಟೇಪು ಸುತ್ತಿ ಕಿಸೆಗಿಡುವರು.

ಅಂಥವರು ನನ್ನ ಹೊಸ ಮನೆಯ ನಕ್ಷೆಯಲ್ಲಿ ಎಡವಿದರು. ನಾನು ಸೀರೆ ನೇಯುವವಳು. ಮಗ್ಗದ ಮುಂದೆ ಕೂತು ಕಾಲು ಇಳಿಬಿಡಲು ನೆಲದಲ್ಲೊಂದು ಕುಣಿ ಬೇಕು. ಆ ಜಾಗದಲ್ಲಿ 'ಕುಣಿ' ಎಂದು ಬರೆಯದೆ 'ಕೋಣೆ' ಎಂದು ಬರೆದಿದ್ದರು! ನೆಲದಡಿ ಕೋಣೆ ಕೂಡದು ಎಂದು ನನ್ನ ಅರ್ಜಿ ತಿರಸ್ಕಾರವಾಯಿತು. ಇತ್ತ ನಾನಿದ್ದ ಬಾಡಿಗೆ ಮನೆಯ ಮಾಲಕರು, ದೀಪಾವಳಿಗೆ ಅಲ್ಲಿನ ಕುಣಿ ಮುಚ್ಚಿ ಫರಸಿ ಕಲ್ಲು ಹಾಸುತ್ತೇವೆ ಎಂದು ಹೇಳಿಬಿಟ್ಟಿದ್ದರು. ಮೇಲ್ಮನವಿಯೂ ಬಿದ್ದರೆ ಅವ್ವನ ಕಾಲದ ಮಗ್ಗ ಬಿಚ್ಚಿ ಮೂಲೆಗಿಡಬೇಕು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ವಿಚಾರಣೆಗೆಂದು ಇಬ್ಬರೂ ಬಾಗಲಕೋಟೆಯ ಬಸ್ಸು ಹತ್ತಿದೆವು. ನಾನು ಮುಖ ತಿರುಗಿಸಿ ಕೂತರೂ ಮುದುಕನಿಗೆ ಪರಿವೆಯಿಲ್ಲ. ಹುನಗುಂದ ದಾಟಿದ ಮೇಲೆ ಎಳೆಬಿಸಿಲಿಗೆ ಕಣ್ಣು ಅರೆಮುಚ್ಚಿ, "ನೋಡಲ್ಲಿ, ಮೂಲಿಮನಿ ಕಿಟಕಿ ತಗದಾರ," ಎಂದರು. ಅಲ್ಲಿದ್ದುದು ಬರೀ ಜಾಲಿಗಿಡ. ಅಪ್ಪಣೆ ಸಿಗದೆ ಕಾಗದದಲ್ಲೇ ಉಳಿದ ಮನೆಗಳೆಲ್ಲ ಅವರ ಕಣ್ಣಿಗೆ ಎದ್ದು ನಿಂತಿರುತ್ತಿದ್ದವು. ಯಾವುದೋ ಪಡಸಾಲೆಯಲ್ಲಿ ಮಕ್ಕಳು ಆಡುತ್ತಿದ್ದರಂತೆ, ಇನ್ನೊಂದರಲ್ಲಿ ಯಾರೋ ರೊಟ್ಟಿ ಬಡಿಯುತ್ತಿದ್ದರಂತೆ. ಕೇಳುತ್ತ ಕೇಳುತ್ತ ನನಗೂ ಬಯಲಿನಲ್ಲಿ ಒಂದು ಹೊಸ್ತಿಲು ಕಂಡಂತಾಯಿತು. ಥೂ, ಇವರ ಹುಚ್ಚು ನನಗೂ ಹತ್ತಿತಲ್ಲ ಎಂದುಕೊಂಡೆ.

ಕಚೇರಿಯಲ್ಲಿ ಅಧಿಕಾರಿ ನಕ್ಷೆ ಬಿಡಿಸಿದರು. "ಈ ಕೋಣ್ಯಾಗ ಯಾರರ ಮಲಗ್ತಾರೇನ್ರಿ?"

ಇಲ್ಲ ಎಂದರೆ ಸಾಕು, ಕೆಲಸ ಆದಂತೆ. ಇಮಾಮಸಾಬ ಇಲ್ಲ ಎನ್ನದೆ, ನಕ್ಷೆಯ ಆ ಮೂಲೆಯ ಮೇಲೆ ಬೆರಳಾಡಿಸುತ್ತ ನಿಂತರು. ನನಗೆ ತಡೆಯಲಾಗಲಿಲ್ಲ. ಎತ್ತರದ ಬೆಂಚಿನ ಮೇಲೆ ಕೂತು, ಕಾಲು ಇಳಿಬಿಟ್ಟು, ಮಗ್ಗ ತುಳಿದಂತೆ ತುಳಿದು ತೋರಿಸಿದೆ.

"ನೋಡ್ರಿ ಸಾಹೇಬ್ರ, ಇಷ್ಟ ಅದರ ಆಳ, ನನ್ನ ಕಾಲಿನಷ್ಟು. ಮಲಗೂದೆಲ್ಲಿ ಬಂತ್ರಿ? ಕುಣ್ಯಾಗ ಕಾಲು ಕುಣೀತಾವ!"

ಅಧಿಕಾರಿ ಗಟ್ಟಿಯಾಗಿ ನಕ್ಕರು. 'ಕೋಣೆ'ಯನ್ನು 'ಕುಣಿ' ಎಂದು ತಿದ್ದಿಸಿ ಮೇಲ್ಮನವಿ ಒಪ್ಪಿದರು.

ಹೊರಗೆ ಬೇವಿನ ನೆರಳಿನಲ್ಲಿ ಕೇಳಿದೆ: "ಇಲ್ಲ ಅನ್ನಾಕ ಏನಾಗಿತ್ತು ಕಾಕಾ ನಿಮಗ?"

"ಸುಳ್ಳ ಹೆಂಗ ಹೇಳ್ಲಿ ಮಹೇಶ್ವರಿ? ನಮ್ಮವ್ವ ಕಾಸಿಂಬಿ ನೇಯೂ ಮುಂದ, ಆಕಿ ಕಾಲ ಬಾಜೂಕ ಕುಣ್ಯಾಗ ನಾ ಮಲಗ್ತಿದ್ನಿ. ಸಾಲಿಗೆ ಹೋಗೂತನಕ ನನಗ ಅದ ಮನಿ. ನಿನ್ನ ನಕ್ಷಾ ಬರಿಯೂ ಮುಂದ ಕೈ ತಾನ ಕೋಣೆ ಅಂತ ಬರೀತು."

ನನ್ನ ಸಿಟ್ಟು ಅಲ್ಲೇ ಕರಗಿತು.

ದೀಪಾವಳಿಗೆ ಮೊದಲೇ ಹೊಸ ಮನೆ ಎದ್ದಿತು. ಮಗ್ಗ ಹೂಡುವ ದಿನ ಇಮಾಮಸಾಬ ಬಂದು ಕುಣಿಯೊಳಗೆ ಬಗ್ಗಿ ನೋಡಿದರು.

"ನಕ್ಷಾಕ್ಕಿಂತ ಒಂದು ಗೇಣು ಅಗಲ ಆಗೇತಲ್ಲ ಯವ್ವಾ?"

"ಬಾಜೂಕ ಯಾರರ ಮಲಗಿದ್ರ, ಕಾಕಾ?" ಎಂದೆ.

ಅವರು ತಂದಿದ್ದ ಟೇಪನ್ನು ಕಿಸೆಯಿಂದ ಹೊರಗೆ ತೆಗೆಯಲೇ ಇಲ್ಲ.